ಜೆಸ್ಸೋರ್ ರಸ್ತೆಯ ಮನೆಗಳು

ಡಮ್ ಡಮ್ ಎಂಬ ಹೆಸರು ಕನ್ನಡದ ಮನೆಗಳಿಗೆ ಮೂರು ದಾರಿಯಲ್ಲಿ ಬಂದಿದೆ. ಎಚ್‌ಎಂವಿ ಗ್ರಾಮಫೋನ್ ಪ್ಲೇಟುಗಳನ್ನು ಅಚ್ಚು ಹಾಕುತ್ತಿದ್ದ ಕಾರ್ಖಾನೆಯ ಊರಾಗಿ, ಮೈಯೊಳಗೆ ಹೊಕ್ಕ ಮೇಲೆ ಅರಳಿ ಸೀಳುವ ಕ್ರೂರ ಗುಂಡಿನ ಹೆಸರಾಗಿ, ಕಲ್ಕತ್ತೆಯ ವಿಮಾನ ನಿಲ್ದಾಣವಾಗಿ. ಈ ಮೂರನ್ನೂ ತಿಳಿದವರಿಗೂ ಆ ಊರಿನಲ್ಲಿ ಯಾರು ಬಾಳಿದರು ಎಂಬುದು ಗೊತ್ತಿರುವುದಿಲ್ಲ. ಹಾಡು ಅಚ್ಚು ಹಾಕಿದ ಕೈಗಳು, ಗುಂಡು ತುಂಬಿದ ಕೈಗಳು, ಅವುಗಳ ಹಿಂದೆ ಸಂಸಾರಗಳು, ಆ ಸಂಸಾರಗಳ ಅಡುಗೆಮನೆಗಳು. ನಾನು ಹುಡುಕಿಕೊಂಡು ಹೋದದ್ದು ಅವರನ್ನು.

ಹೋಗಲು ಕಾರಣ ಕಾದಂಬರಿಗಳು. ಬಂಗಾಳದ ಐತಿಹಾಸಿಕ ಕಾದಂಬರಿಯ ರುಚಿಯನ್ನು ಕನ್ನಡಿಗರಿಗೆ ಹತ್ತಿಸಿದವರು ಬಿ. ವೆಂಕಟಾಚಾರ್ಯರು (1845–1914). ಈಶ್ವರಚಂದ್ರ ವಿದ್ಯಾಸಾಗರರೊಂದಿಗೆ ಪತ್ರವ್ಯವಹಾರ ನಡೆಸಿ, ಬಂಗಾಳಿ ಕಲಿತು, ಬಂಕಿಮಚಂದ್ರರನ್ನು ನಮ್ಮ ಭಾಷೆಗೆ ತಂದರು. ಆ ಕಾಲದ ಕಾದಂಬರಿಗಳಲ್ಲಿ ಕೋಟೆಯಿತ್ತು, ಕುದುರೆಯಿತ್ತು, ಸೇಡಿತ್ತು. ಓದುತ್ತ ಓದುತ್ತ ನನ್ನಲ್ಲಿ ಬೇರೊಂದು ಪ್ರಶ್ನೆ ಬೆಳೆಯಿತು. ಪರದೇಶದವರ ಕೈಗೆ ಹೋದ ನೆಲದಲ್ಲಿ, ಬಂದ ಕುಟುಂಬವೂ ಇದ್ದ ಕುಟುಂಬವೂ ಅಕ್ಕಪಕ್ಕದ ಅಂಗಳಗಳಲ್ಲಿ ಹೇಗೆ ದಿನ ಕಳೆದವು? ಯುದ್ಧದ ದಿನಗಳನ್ನು ಚರಿತ್ರೆ ಬರೆದಿಟ್ಟಿದೆ. ಎರಡು ಯುದ್ಧಗಳ ನಡುವಿನ ಸಾವಿರಾರು ಸಾಮಾನ್ಯ ದಿನಗಳಲ್ಲಿ ಯಾರು ಯಾರಿಗೆ ಅನ್ನ ಬಡಿಸಿದರು, ಯಾರ ಮಗುವನ್ನು ಯಾರು ಎದೆಗೆ ಹಾಕಿಕೊಂಡರು ಎಂಬುದನ್ನು ಬರೆಯಬಲ್ಲವರು ಕಾದಂಬರಿಕಾರರು ಮಾತ್ರ. ಆ ಬರವಣಿಗೆಗೆ ಬೇಕಾದ ನೆಲ ಹೇಗಿರುತ್ತದೆ ಎಂದು ಕಣ್ಣಾರೆ ನೋಡಬೇಕಿತ್ತು.

ಕಲ್ಕತ್ತೆಯ ಧರ್ಮತಲಾದಲ್ಲಿ ಮೆಟ್ರೊ ಹತ್ತಿದರೆ ಬೆಲ್ಗಾಚಿಯಾದ ತನಕ ನೆಲದಡಿಯ ಪಯಣ. ಅದನ್ನು ದಾಟಿದ ಮೇಲೆ ರೈಲು ಮೇಲೇರಿ ಬಿಸಿಲಿಗೆ ಬರುತ್ತದೆ, ಮರುಗಳಿಗೆಯಲ್ಲಿ ಡಮ್ ಡಮ್. ಇಳಿದ ಜನ ಒಂದೇ ಉಸಿರಿಗೆ ಆಟೋಗಳ ಸಾಲಿನತ್ತ ನುಗ್ಗುತ್ತಾರೆ. ಹಿಂದೆ ಮೂವರು, ಚಾಲಕನ ಪಕ್ಕ ಒಬ್ಬರು ಕೂತು ನಾಗೇರಬಜಾರಕ್ಕೆ ಹೊರಡುತ್ತೇವೆ. ಮೀನಿನ ಬುಟ್ಟಿಗಳು, ಮಿಠಾಯಿ ಅಂಗಡಿಗಳು, ಕೋಚಿಂಗ್ ಕ್ಲಾಸಿನ ಫಲಕಗಳು, ಹಳೆಯ ಎರಡಂತಸ್ತಿನ ಮನೆಗಳ ನಡುವೆ ಎದ್ದು ನಿಂತ ಅಪಾರ್ಟ್‌ಮೆಂಟುಗಳು. ಹೊರಗಿನವರು ಒಂದೇ ಊರು ಎಂದುಕೊಳ್ಳುವ ಇಲ್ಲಿ ಮೂರು ಪುರಸಭೆಗಳಿವೆ: ಡಮ್ ಡಮ್, ಉತ್ತರ ಡಮ್ ಡಮ್, ದಕ್ಷಿಣ ಡಮ್ ಡಮ್. ಇವನ್ನೆಲ್ಲ ಹೊಲಿದುಕೊಂಡು ಈಶಾನ್ಯಕ್ಕೆ ಸಾಗುವುದು ಜೆಸ್ಸೋರ್ ರಸ್ತೆ. ಹಿಡಿದು ಹೋದರೆ ಬನಗಾಂವ್, ಪೆಟ್ರಾಪೋಲ್, ಆಮೇಲೆ ಗಡಿ, ಗಡಿಯಾಚೆ ಈಗಿನ ಬಾಂಗ್ಲಾದೇಶದ ಜೆಸ್ಸೋರ್. 1947ರ ನಂತರವೂ 1971ರಲ್ಲೂ ಲಕ್ಷಾಂತರ ಜನ ತಲೆಯ ಮೇಲೆ ಗಂಟು ಹೊತ್ತು ನಡೆದುಬಂದ ದಾರಿಗಳಲ್ಲಿ ಇದು ಒಂದು.

ನಾಗೇರಬಜಾರದಿಂದ ಸ್ವಲ್ಪ ದೂರದಲ್ಲಿ, ಮನೆಗಳ ಸಂದಿಯಲ್ಲಿ, ಸುತ್ತಲಿನ ನೆಲಕ್ಕಿಂತ ಎತ್ತರವಾದ ಒಂದು ದಿಬ್ಬ. ಅದರ ಮೇಲೆ ಕ್ಲೈವ್ ಹೌಸ್. ಸುಣ್ಣದ ಗಾರೆ ಉದುರಿ ಇಟ್ಟಿಗೆಯ ಮೈ ಕಾಣುತ್ತದೆ. ಗೋಡೆಯ ಬಿರುಕುಗಳಲ್ಲಿ ಅರಳಿಯ ಬೇರುಗಳು ಇಳಿದಿವೆ. ರಾಬರ್ಟ್ ಕ್ಲೈವ್ ಇದನ್ನು ತನ್ನ ಹಳ್ಳಿಮನೆ ಮಾಡಿಕೊಂಡಿದ್ದ, ಮೇಲಂತಸ್ತು ಕಟ್ಟಿಸಿದ ಎನ್ನುತ್ತಾರೆ. ಆದರೆ ಮನೆ ಅವನಿಗಿಂತ ಹಳೆಯದು. ಅವನು ಬರುವ ಮೊದಲೇ ಇಲ್ಲೊಂದು ಗಟ್ಟಿ ಕಟ್ಟಡವಿತ್ತು. ಗೆಜೆಟಿಯರ್ ಪ್ರಕಾರ 1757ರ ಫೆಬ್ರವರಿಯಲ್ಲಿ ನವಾಬ ಸಿರಾಜುದ್ದೌಲನಿಗೂ ಈಸ್ಟ್ ಇಂಡಿಯಾ ಕಂಪನಿಗೂ ಒಪ್ಪಂದವಾದದ್ದು ಡಮ್ ಡಮ್‌ನಲ್ಲಿ. ಕಂಪನಿಗೆ ಅದರ ಹಕ್ಕುಗಳೆಲ್ಲ ಮರಳಿ ದಕ್ಕಿದವು. ಅದೇ ವರ್ಷ ಜೂನ್ 23ಕ್ಕೆ ಪ್ಲಾಸಿ ಕದನ ನಡೆಯಿತು. ಒಪ್ಪಂದದ ಶಾಯಿ ಒಣಗುವುದರೊಳಗೆ ನವಾಬನ ಗದ್ದುಗೆ ಹೋಯಿತು, ಪ್ರಾಣವೂ ಹೋಯಿತು.

ಈ ಶತಮಾನದ ಆರಂಭದಲ್ಲಿ ಪುರಾತತ್ವ ಇಲಾಖೆಯವರು ಈ ದಿಬ್ಬವನ್ನು ಅಗೆದಾಗ ಕ್ಲೈವ್‌ನಿಗಿಂತ ಎಷ್ಟೋ ಶತಮಾನ ಹಿಂದಿನ ಮಡಕೆಯ ಚೂರುಗಳು, ಜನವಸತಿಯ ಗುರುತುಗಳು ಸಿಕ್ಕವು. ಕಲ್ಕತ್ತೆಯನ್ನು ಇಂಗ್ಲಿಷರು ಜೌಗುನೆಲದಲ್ಲಿ ಶೂನ್ಯದಿಂದ ಕಟ್ಟಿದರು ಎಂಬ ಹಳೆಯ ಕಥೆಗೆ ಆ ಚೂರುಗಳು ಸಾಕಷ್ಟು ಉತ್ತರ. ದಿಬ್ಬದ ಮೇಲೆ ಸಾಹೇಬನ ಹೆಸರು ನಿಂತಿದೆ. ಕೆಳಗೆ, ಮಣ್ಣಿನಲ್ಲಿ, ಅನ್ನ ಬೇಯಿಸಿದವರ ಮಡಕೆಗಳಿವೆ. ಅವರ ಹೆಸರು ಯಾವ ಗೆಜೆಟಿಯರಿನಲ್ಲೂ ಇಲ್ಲ.

ಈ ಮನೆಯ ಚರಿತ್ರೆಗೆ ಇನ್ನೊಂದು ಪದರವಿದೆ. ದೇಶ ಒಡೆದ ಮೇಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತ ಕುಟುಂಬಗಳು ಈ ಪಾಳುಮನೆಯಲ್ಲೇ ಒಲೆ ಹೂಡಿದವು. ಬಂಗಾಳವನ್ನು ಗೆದ್ದವನ ಕೋಣೆಗಳಲ್ಲಿ, ಆ ಗೆಲುವಿನ ಕೊನೆಯ ಫಲವನ್ನು ಉಂಡವರು ಚಾಪೆ ಹಾಸಿ ಮಲಗಿದರು. ಯಾವ ಕಾದಂಬರಿಕಾರನೂ ಇಷ್ಟು ಧೈರ್ಯವಾಗಿ ಕಥೆ ಕಟ್ಟಲಾರ.

ಹತ್ತಿರದ ಚಹಾ ಅಂಗಡಿಯ ಬೆಂಚಿನ ಮೇಲೆ ಒಬ್ಬ ವೃದ್ಧೆ ಮೊಮ್ಮಗನ ಶಾಲೆ ಬಿಡುವುದನ್ನು ಕಾಯುತ್ತ ಕೂತಿದ್ದರು. ನನ್ನ ಹರಕು ಹಿಂದಿ, ಅವರ ಹರಕು ಹಿಂದಿ ಸೇರಿ ಮಾತು ನಡೆಯಿತು.

“ನಿಮ್ಮವರು ಇಲ್ಲಿಗೆ ಯಾವಾಗ ಬಂದರು, ಮಾಶಿಮಾ?”

“ಪಂಚಾಸ್‌ನಲ್ಲಿ. ಬಾರಿಸಾಲದಿಂದ. ನಾನು ಅಮ್ಮನ ಸೊಂಟದ ಮೇಲಿದ್ದೆ.” ಮಣ್ಣಿನ ಕುಡಿಕೆಯ ಚಹಾ ಆರಿಸುತ್ತ ಮುಂದುವರಿಸಿದರು. “ಬಂದ ಮೇಲೆ ಎರಡು ಮೂರು ವರ್ಷ ಅಮ್ಮ ತುಳಸಿ ನೆಡಲಿಲ್ಲ. ನಾಳೆ ನಾಡಿದ್ದು ವಾಪಸು ಹೋಗುವವರು ಇಲ್ಲೇಕೆ ನೆಡಬೇಕು ಅನ್ನುತ್ತಿದ್ದಳು. ಆಮೇಲೆ ಒಂದು ದಿನ ಅಪ್ಪ ತೆಂಗಿನ ಸಸಿ ತಂದರು. ಅದನ್ನು ನೋಡಿ ಅಮ್ಮ ಇಡೀ ದಿನ ಅತ್ತಳಂತೆ. ತೆಂಗು ಫಲ ಕೊಡಲು ವರ್ಷಗಳು ಬೇಕಲ್ಲ.”

“ಸುತ್ತಲಿನವರು ಹೇಗಿದ್ದರು?”

“ಮೊದಲು ದೂರ. ನಮ್ಮ ಮಾತು ಕೇಳಿ ನಗುತ್ತಿದ್ದರು. ಈಗ ನನ್ನ ಸೊಸೆ ಅವರ ಮನೆಯವಳೇ.” ಅಷ್ಟರಲ್ಲಿ ಹುಡುಗ ಬಂದ, ಅವನ ಚೀಲ ತಾವೇ ಹೊತ್ತುಕೊಂಡು ಎದ್ದರು.

ಬಂಗಾಳಿಗಳಲ್ಲಿ ಪಶ್ಚಿಮದ ಮೂಲದವರು ಘಟಿಗಳು, ಪೂರ್ವದಿಂದ ಬಂದವರು ಬಾಂಗಾಲರು. ಮಾತಿನ ಧಾಟಿ, ಅಡುಗೆಗೆ ಸಕ್ಕರೆ ಹಾಕುವುದು ಬಿಡುವುದು, ಇಲಿಷ್ ಮೀನೋ ಸಿಗಡಿಯೋ, 1889ರ ಮೋಹನ್ ಬಗಾನ್ ತಂಡವೋ 1920ರ ಈಸ್ಟ್ ಬೆಂಗಾಲ್ ತಂಡವೋ ಎಂಬುದರ ಮೇಲೆ ಮನೆಮನೆಯಲ್ಲಿ ಪಕ್ಷಗಳಾಗುತ್ತಿದ್ದವು. ಇವತ್ತು ಇದನ್ನು ನಗುನಗುತ್ತ ಹೇಳುತ್ತಾರೆ. ಆದರೆ 1950ರ ಆಸುಪಾಸಿನಲ್ಲಿ ಅದು ನೆಲ, ನೀರು, ಕೆಲಸದ ಪ್ರಶ್ನೆಯಾಗಿತ್ತು. ಕಲ್ಕತ್ತೆಯ ಅಂಚಿನ ಖಾಲಿ ನೆಲಗಳಲ್ಲಿ, ಯುದ್ಧಕಾಲದ ಬಿಡಾರಗಳಲ್ಲಿ ನಿರಾಶ್ರಿತರು ರಾತ್ರೋರಾತ್ರಿ ಬಿದಿರಿನ ಗುಡಿಸಲು ಎಬ್ಬಿಸಿದರು. ಅವಕ್ಕೆ ಜಬರ್‌ದಖಲ್ ಕಾಲೊನಿಗಳೆಂದು ಹೆಸರು. 1951ರಲ್ಲಿ ಸರ್ಕಾರ ಅವರನ್ನು ತೆರವುಗೊಳಿಸುವ, ಪುನರ್ವಸತಿ ಕೊಡುವ ಎರಡನ್ನೂ ಒಂದೇ ಕಾಯ್ದೆಯಲ್ಲಿ ಹೇಳಿತು. 1951ಕ್ಕೆ ಮೊದಲಿನ 149 ಕಾಲೊನಿಗಳು ದೀರ್ಘ ಹೋರಾಟದ ನಂತರ ಸಕ್ರಮವಾದವು. ಇನ್ನೊಂದು ಮಾತನ್ನೂ ಹೇಳಬೇಕು. 1950ರ ಗಲಭೆಗಳ ಕಾಲಕ್ಕೆ ಕಲ್ಕತ್ತೆಯ ಸುತ್ತಮುತ್ತಲಿನ ಎಷ್ಟೋ ಮುಸ್ಲಿಂ ಕುಟುಂಬಗಳು ತಲೆಮಾರುಗಳ ಮನೆ ಬಿಟ್ಟು ಪೂರ್ವಕ್ಕೆ ಹೋದವು. ಕೆಲವೆಡೆ ಮನೆ ಕಳೆದುಕೊಂಡು ಬಂದವರು, ಮನೆ ಕಳೆದುಕೊಂಡು ಹೋದವರ ಮನೆಗಳನ್ನೇ ಹೊಕ್ಕರು. ಬಂದವರ ನೋವನ್ನು ಬರೆಯುವ ಕಾದಂಬರಿ ಹೋದವರನ್ನು ಮರೆತರೆ ಅದು ಅರ್ಧ ಕಾದಂಬರಿ.

ಊರಿನ ಇನ್ನೊಂದು ಪಕ್ಕ ದಂಡಿನ ಪ್ರದೇಶ. 1783ರಿಂದ 1853ರವರೆಗೆ ಎಪ್ಪತ್ತು ವರ್ಷ ಇದು ಕಂಪನಿಯ ಬಂಗಾಳ ಫಿರಂಗಿದಳದ ಕೇಂದ್ರಸ್ಥಾನ. 1822ರ ಸೇಂಟ್ ಸ್ಟೀಫನ್ ಚರ್ಚು ಆ ಕಾಲದ ಸೈನಿಕ ಸಂಸಾರಗಳಿಗಾಗಿ ಎದ್ದದ್ದು. ಜ್ವರ, ಕಾಲರಾಗಳಿಗೆ ಸತ್ತ ಗಂಡಸರು, ಹೆರಿಗೆಯಲ್ಲಿ ತೀರಿಕೊಂಡ ಹೆಂಗಸರು, ವರ್ಷ ತುಂಬದ ಕೂಸುಗಳು: ಬಂಗಾಳದ ಹಳೆಯ ಇಂಗ್ಲಿಷ್ ಸಮಾಧಿಗಳನ್ನು ಓದುತ್ತ ಹೋದರೆ ಬಂದವರ ಬದುಕೂ ಹಗುರವಾಗಿರಲಿಲ್ಲ ಎಂದು ತಿಳಿಯುತ್ತದೆ. ಹದಿನಾರು ಹದಿನೇಳರ ಹುಡುಗರು ಆರು ತಿಂಗಳ ಕಡಲ ಪಯಣ ಮಾಡಿ ಇಲ್ಲಿಗೆ ಬಂದರು. ಬಹಳ ಮಂದಿ ತಾಯಿಯ ಮುಖ ಮತ್ತೆ ನೋಡಲಿಲ್ಲ. ಇದನ್ನು ಬರೆಯುವಾಗ ನನಗೆ ಅವರ ಮೇಲೆ ಮರುಕವಿದೆ. ಮರುಕವಿದೆಯೆಂದು ಅವರ ಫಿರಂಗಿಗಳು ಯಾರ ಮೇಲೆ ತಿರುಗಿದ್ದವು ಎಂಬುದನ್ನು ಮರೆಯಲಾಗದು.

ಈ ದಳವನ್ನು ಕಟ್ಟಿ ಬೆಳೆಸಿದವನು ಕರ್ನಲ್ ಥಾಮಸ್ ಡೀನ್ ಪಿಯರ್ಸ್. 1789ರಲ್ಲಿ ತೀರಿಕೊಂಡ ಇವನ ನೆನಪಿಗೆ ಡಮ್ ಡಮ್‌ನಲ್ಲಿ ಒಂದು ಕಂಬ ನಿಲ್ಲಿಸಿದರು. ಕನ್ನಡಿಗರಿಗೆ ಇವನು ಪೂರಾ ಹೊರಗಿನವನಲ್ಲ. 1781ರಲ್ಲಿ ಹೈದರ್ ಅಲಿಯ ವಿರುದ್ಧ ಹೋರಾಡುತ್ತಿದ್ದ ಐರ್ ಕೂಟ್‌ನ ನೆರವಿಗೆ ಬಂಗಾಳದಿಂದ ಮದ್ರಾಸಿನ ಕಡೆಗೆ ನೆಲದ ದಾರಿಯಲ್ಲಿ ಸೇನೆ ನಡೆಸಿಕೊಂಡು ಬಂದವನು ಇವನೇ. ಮರಳಿದ್ದು 1785ರಲ್ಲಿ. ಮೈಸೂರಿನ ಕುದುರೆಗಳ ಎದುರು ನಿಂತವನ ಮನೆಯಲ್ಲಿ ಅವನ ದಾರಿ ಕಾದಿದ್ದವಳು ಪನ್ನಾ ಪರೀ ಎಂಬ ಈ ದೇಶದ ಹೆಣ್ಣು. ಅವನು ಅವಳನ್ನು ಹೆಂಡತಿಯೆಂದು ಒಪ್ಪಿಕೊಂಡಿದ್ದ. ಅವರ ಮಗನ ಹೆಸರಿನಲ್ಲೇ ಆ ಮನೆಯ ಎರಡು ಬೇರುಗಳೂ ಇದ್ದವು: ಥಾಮಸ್ ಡೀನ್ ಮಹೊಮೆಟ್ ಪಿಯರ್ಸ್. ಹುಡುಗನನ್ನು ಇಂಗ್ಲೆಂಡಿನ ಹ್ಯಾರೋ ಶಾಲೆಗೆ ಕಳಿಸಿದರು.

ಆ ಕಾಲದಲ್ಲಿ ಇಂಥ ಮನೆಗಳು ಬೇಕಾದಷ್ಟಿದ್ದವು. ಆಮೇಲೆ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. 1786ರಲ್ಲಿ, ಸತ್ತ ಸೇನಾಧಿಕಾರಿಗಳ ಮಿಶ್ರಕುಲದ ಮಕ್ಕಳನ್ನು ಓದಿಗೆ ಇಂಗ್ಲೆಂಡಿಗೆ ಕಳಿಸುವುದಕ್ಕೆ ತಡೆ ಬಿತ್ತು. 1791ರಲ್ಲಿ, ತಂದೆ ತಾಯಿಯರಲ್ಲಿ ಒಬ್ಬರು ಭಾರತೀಯರಾಗಿದ್ದರೂ ಕಂಪನಿಯ ಅಧಿಕಾರದ ಹುದ್ದೆಗಳಿಲ್ಲ ಎಂಬ ಆಜ್ಞೆ ಬಂತು. 1795ರಲ್ಲಿ ಸೈನ್ಯದೊಳಗೆ ವಾದ್ಯದವರು, ಲಾಳ ಕಟ್ಟುವವರು ಮುಂತಾದ ಕೆಲಸಗಳಷ್ಟೇ ಅವರಿಗೆ ಉಳಿದವು. ತಂದೆ ಕಟ್ಟಿದ ದಳದಲ್ಲಿ ಮಗ ಅಧಿಕಾರಿಯಾಗುವಂತಿಲ್ಲ. ಪಿಯರ್ಸ್‌ನ ಕಂಬದ ಸುದ್ದಿ ಪುಸ್ತಕಗಳಲ್ಲಿದೆ, ಅವನ ಪತ್ರಗಳು ಅಚ್ಚಾಗಿವೆ. ಪನ್ನಾ ಪರೀ ಏನು ಉಣ್ಣುತ್ತಿದ್ದಳು, ಮಗ ಹಡಗು ಹತ್ತಿದ ದಿನ ಏನು ಮಾಡಿದಳು, ಗಂಡ ದಕ್ಷಿಣದ ಯುದ್ಧದ ಬಗ್ಗೆ ಹೇಳುವಾಗ ಅವಳ ಮನಸ್ಸು ಯಾರ ಕಡೆಗಿತ್ತು? ಇಂಗ್ಲಿಷ್ ಕಾಗದಗಳು ಅವಳ ಹೆಸರನ್ನು ಉಳಿಸಿವೆ, ಅವಳ ಮಾತನ್ನು ಉಳಿಸಿಲ್ಲ. ಐತಿಹಾಸಿಕ ಕಾದಂಬರಿಗೆ ಕೆಲಸವಿರುವುದು ಅಲ್ಲಿ.

ಹೆಸರೂ ಉಳಿಯದ ಇನ್ನೊಬ್ಬನ ಕಥೆ ಇದೇ ಊರಿನದು. 1846ರಲ್ಲಿ ಇಲ್ಲಿ ಮದ್ದುಗುಂಡಿನ ಕಾರ್ಖಾನೆ ಶುರುವಾಗಿತ್ತು. 1857ರ ಆರಂಭದಲ್ಲಿ ಹೊಸ ಎನ್‌ಫೀಲ್ಡ್ ಬಂದೂಕಿನ ತರಬೇತಿಗೆ ಆರಿಸಿದ ಮೂರು ಕೇಂದ್ರಗಳಲ್ಲಿ ಡಮ್ ಡಮ್ ಒಂದು, ಉಳಿದೆರಡು ಅಂಬಾಲ ಮತ್ತು ಸಿಯಾಲ್‌ಕೋಟ್. ಜನವರಿಯಲ್ಲಿ ಒಂದು ದಿನ ಮದ್ದಿನ ಮನೆಯ ಖಲಾಸಿಯೊಬ್ಬ ಬ್ರಾಹ್ಮಣ ಸಿಪಾಯಿಯ ಚೊಂಬಿನಿಂದ ನೀರು ಕೇಳಿದ. ಜಾತಿ ಕೆಡುತ್ತದೆಂದು ಸಿಪಾಯಿ ಕೊಡಲಿಲ್ಲ. ಇನ್ನೆಷ್ಟು ದಿನ ನಿನ್ನ ಜಾತಿ ಉಳಿಯುತ್ತದೆ, ದನದ ಹಂದಿಯ ಕೊಬ್ಬು ಸವರಿದ ಕಾಡತೂಸನ್ನು ಹಲ್ಲಿನಿಂದ ಕಚ್ಚಬೇಕಾಗುತ್ತದೆ ಎಂದು ಖಲಾಸಿ ತಿರುಗಿ ಹೇಳಿದ. ಕ್ಯಾಪ್ಟನ್ ರೈಟ್ ಎಂಬ ಅಧಿಕಾರಿ ಜನವರಿ 22ರಂದು ಇದನ್ನು ಮೇಲಿನವರಿಗೆ ಬರೆದು ತಿಳಿಸಿದ. ಮಾರ್ಚ್ 29ಕ್ಕೆ ಹತ್ತಿರದ ಬ್ಯಾರಕ್‌ಪುರದಲ್ಲಿ ಮಂಗಲ್ ಪಾಂಡೆ ಬಂದೂಕು ಎತ್ತಿದ. ಮೇ 10ಕ್ಕೆ ಮೀರತ್ ಹೊತ್ತಿಕೊಂಡಿತು.

ಅಧಿಕಾರಿಗಳ ಹೆಸರು ದಾಖಲೆಯಲ್ಲಿದೆ. ಆ ಖಲಾಸಿಯ ಹೆಸರು ರೈಟ್‌ನ ಪತ್ರದಲ್ಲಿ ಇಲ್ಲ. ಉತ್ತರ ಭಾರತದ ದಲಿತ ಸಮುದಾಯಗಳು ಅವನನ್ನು ಮಾತಾದೀನ್ ಎಂದು ಕರೆದು, 1857ರ ಮೊದಲ ಕಿಡಿ ಅವನೇ ಎಂದು ಗೌರವಿಸುತ್ತವೆ. ಕಾಗದ ಕೈಬಿಟ್ಟ ಮನುಷ್ಯನಿಗೆ ಜನ ಹೆಸರು ಕೊಟ್ಟು, ಸಂಸಾರ ಕೊಟ್ಟು ಉಳಿಸಿಕೊಂಡರು. ಈ ಪ್ರಸಂಗವನ್ನು ಯೋಚಿಸಿದಷ್ಟೂ ‘ಬಂದವರು’ ಮತ್ತು ‘ನೆಲದವರು’ ಎಂಬ ಗೆರೆ ಸಡಿಲವಾಗುತ್ತದೆ. ಸಿಪಾಯಿಯೂ ಬಂಗಾಳದವನಲ್ಲ, ಬಂಗಾಳ ಸೇನೆಯ ಹೆಚ್ಚಿನವರು ಅವಧ್ ಮತ್ತು ಬಿಹಾರದ ಹಳ್ಳಿಗಳಿಂದ ಬಂದವರು. ಕಂಪನಿ ಅವನ ಯಜಮಾನ, ಅವನು ಖಲಾಸಿಗೆ ಯಜಮಾನ. ವಸಾಹತು ನೆಲದ ಕಾದಂಬರಿಯಲ್ಲಿ ಎರಡೇ ಕುಟುಂಬಗಳಿದ್ದರೆ ಸಾಲದು. ನೀರು ಸಿಗದ ಮೂರನೆಯ ಮನೆಯೂ ಬೇಕು.

ಬಂಗಾಳಿಯ ಮಹಾಕಾದಂಬರಿಯೊಂದು ಈ ಕಷ್ಟದ ಜಾಗಕ್ಕೇ ಕೈ ಹಾಕಿತು. ರವೀಂದ್ರನಾಥ ಠಾಕೂರರ ‘ಗೋರಾ’ ಪ್ರಬಾಸಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 1910ರಲ್ಲಿ ಪುಸ್ತಕವಾಯಿತು. 1857ರ ದಂಗೆಯಲ್ಲಿ ಇಟಾವಾದ ಬಂಗಾಳಿ ಕುಟುಂಬವೊಂದರ ಮನೆಗೆ ಐರಿಷ್ ಹೆಂಗಸೊಬ್ಬಳು ಆಸರೆ ಬೇಡಿ ಬರುತ್ತಾಳೆ. ಗಂಡುಮಗುವನ್ನು ಹೆತ್ತು ಸಾಯುತ್ತಾಳೆ. ಆ ಮಗು, ಗೋರಾ, ಕಟ್ಟಾ ಹಿಂದುವಾಗಿ ಬೆಳೆಯುತ್ತಾನೆ, ತನ್ನ ಹುಟ್ಟಿನ ಸತ್ಯ ಅವನಿಗೆ ಕೊನೆಯಲ್ಲಿ ತಿಳಿಯುತ್ತದೆ. ಗೋರಾನ ತಳಮಳ ಎಲ್ಲರಿಗೂ ನೆನಪಿರುತ್ತದೆ. ನನಗೆ ಅವನಿಗಿಂತ ದೊಡ್ಡವಳಾಗಿ ಕಾಣುವವಳು ಸಾಕುತಾಯಿ ಆನಂದಮಯಿ. ಪರದೇಶಿ ಕೂಸನ್ನು ಮಡಿಲಿಗೆ ತೆಗೆದುಕೊಂಡ ಗಳಿಗೆಯಲ್ಲೇ ಅವಳು ಮಡಿ ಮೈಲಿಗೆಯನ್ನು ಬಿಟ್ಟಳು. ಮಗುವಿಗೆ ಜಾತಿಯಿಲ್ಲ ಎಂದು ಅವಳಿಗೆ ಯಾರೂ ಪಾಠ ಹೇಳಬೇಕಾಗಲಿಲ್ಲ. ಆಳುವವರ ಜನಾಂಗದ ಮಗುವನ್ನು ಆಳಿಸಿಕೊಳ್ಳುವವರ ಮನೆ ಸಾಕಿತು. ಅದಕ್ಕೆ ತಗಲಿದ ಬೆಲೆಯನ್ನೂ ಆ ಮನೆಯ ಹೆಂಗಸೇ ತೆತ್ತಳು, ತನ್ನವರ ನಡುವೆಯೇ ಬೇರೆಯಾಗಿ ಬಾಳಿದಳು. ಇದನ್ನು ಯಾವ ಗೆಜೆಟಿಯರೂ ದಾಖಲಿಸದು.

ಡಮ್ ಡಮ್‌ನ ಗ್ರಾಮಫೋನ್ ಕಾರ್ಖಾನೆ ಶುರುವಾದದ್ದು 1920ರ ದಶಕದ ಕೊನೆಯಲ್ಲಿ. ಗ್ರಾಮಫೋನ್ ಕಂಪನಿ ಅದಕ್ಕೆ ಮೊದಲು 1908ರಿಂದ ಕಲ್ಕತ್ತೆಯ ಸಿಯಾಲ್ದಾ ಕಡೆ ಪ್ಲೇಟು ಅಚ್ಚು ಹಾಕುತ್ತಿತ್ತು. ಬಿಡಾರಂ ಕೃಷ್ಣಪ್ಪನವರ ಕಾಲದಿಂದ ರಾಜಕುಮಾರ್ ಅವರ ಚಿತ್ರಗೀತೆಗಳವರೆಗೆ ನಾವು ಕೇಳಿದ ದನಿಗಳನ್ನು ಮನೆಮನೆಗೆ ತಂದದ್ದು ಈ ಉದ್ಯಮ. ಇದರ ಮೊದಲ ಭಾರತೀಯ ತಾರೆ ಗೌಹರ್ ಜಾನ್. 1902ರ ನವೆಂಬರಿನಲ್ಲಿ ಆ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್ಬರ್ಗ್ ಕಲ್ಕತ್ತೆಯಲ್ಲಿ ಅವಳ ಹಾಡು ಮುದ್ರಿಸಿಕೊಂಡ. ಹಾಡು ಮುಗಿದಾಗ ಅವಳು ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಘೋಷಿಸುತ್ತಿದ್ದಳು.

ಅವಳ ವಂಶವೇ ವಸಾಹತು ಭಾರತದ ಒಂದು ಕಾದಂಬರಿ. ಅಜ್ಜ ಹಾರ್ಡಿ ಹೆಮಿಂಗ್ಸ್ ಇಂಗ್ಲಿಷಿನವನು, ಅಜ್ಜಿ ರುಕ್ಮಿಣಿ ಈ ನೆಲದವಳು. ಅವರ ಮಗಳು ವಿಕ್ಟೋರಿಯಾ ಮದುವೆಯಾದದ್ದು ಅರ್ಮೇನಿಯನ್ ಮೂಲದ ಎಂಜಿನಿಯರ್ ವಿಲಿಯಂ ರಾಬರ್ಟ್ ಯೋವರ್ಡ್‌ನನ್ನು. 1873ರಲ್ಲಿ ಆಜಂಗಢದಲ್ಲಿ ಏಂಜಲಿನಾ ಹುಟ್ಟಿದಳು. 1879ರಲ್ಲಿ ತಂದೆ ತಾಯಿ ಬೇರೆಯಾದರು. ತಾಯಿ ಮಗಳೊಂದಿಗೆ ಬನಾರಸಕ್ಕೆ ಬಂದು, ಇಸ್ಲಾಮಿಗೆ ಸೇರಿ ಮಲಕಾ ಜಾನ್ ಆದಳು, ಏಂಜಲಿನಾ ಗೌಹರ್ ಆದಳು. 1883ರಲ್ಲಿ ಇಬ್ಬರೂ ಕಲ್ಕತ್ತೆಗೆ ಬಂದರು. ಮೂರು ತಲೆಮಾರು, ಮೂರು ಧರ್ಮ, ಎಷ್ಟೋ ಭಾಷೆ. ಈ ಮನೆಯಲ್ಲಿ ಯಾರು ವಲಸಿಗರು, ಯಾರು ಸ್ಥಳೀಯರು ಎಂದು ಬೇರ್ಪಡಿಸಲು ಹೊರಟರೆ ಒಂದೇ ದೇಹದಲ್ಲಿ ಗೆರೆ ಎಳೆಯಬೇಕಾಗುತ್ತದೆ.

ಕೊನೆಗೆ ಅವಳು ಬಂದದ್ದು ನಮ್ಮ ಮೈಸೂರಿಗೆ. ಹೆಸರು ದೊಡ್ಡದಾಗಿದ್ದರೂ ಆಸ್ತಿಯ ವ್ಯಾಜ್ಯಗಳಲ್ಲಿ, ನಂಬಿದವರ ಮೋಸದಲ್ಲಿ ಗಳಿಸಿದ್ದು ಕರಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಅವಳನ್ನು ಆಸ್ಥಾನ ಸಂಗೀತಗಾರ್ತಿಯಾಗಿ ನೇಮಿಸಿದರು. 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡಳು. ಬೆಂಗಳೂರಿನ ವಿಕ್ರಮ್ ಸಂಪತ್ ಅರಮನೆಯ ಕಡತಗಳಿಂದ ಹಿಡಿದು ಆಜಂಗಢ, ಕಲ್ಕತ್ತೆಗಳವರೆಗೆ ಕಾಗದಗಳನ್ನು ಹುಡುಕಿ ಅವಳ ಜೀವನಚರಿತ್ರೆಯನ್ನು 2010ರಲ್ಲಿ ಹೊರತಂದರು. ಮೊಮ್ಮಗಳು ಹಾಡಿದ್ದರಿಂದ ಅಜ್ಜಿ ರುಕ್ಮಿಣಿಯ ಹೆಸರು ಉಳಿಯಿತು. ಹಾಡದ ಮೊಮ್ಮಕ್ಕಳ ಅಜ್ಜಿಯರು ಎಷ್ಟು ಮಂದಿ?

ಡಮ್ ಡಮ್ ಕ್ಯಾಂಟನ್‌ಮೆಂಟ್ ನಿಲ್ದಾಣದಲ್ಲಿ ನಿಂತಾಗ ಬನಗಾಂವ್ ಲೋಕಲ್ ಬಂತು. ಗಡಿಯ ಕಡೆಯಿಂದ ಸಿಯಾಲ್ದಾಗೆ ಹೋಗುವ ಗಾಡಿ. ಒಂದು ಕಾಲಕ್ಕೆ ಇದೇ ಹಳಿಯ ಮೇಲೆ ಬಂದವರು ಸಿಯಾಲ್ದಾದ ಪ್ಲಾಟ್‌ಫಾರಂನಲ್ಲೇ ತಿಂಗಳುಗಟ್ಟಲೆ ಸಂಸಾರ ಮಾಡಿದರು. ಅಲ್ಲಿಂದ ಸರ್ಕಾರ ಅವರನ್ನು ದಂಡಕಾರಣ್ಯಕ್ಕೆ, ಅಂಡಮಾನಿಗೆ ಕಳಿಸಿತು. 1970ರ ದಶಕದ ಆರಂಭದಲ್ಲಿ ಪೂರ್ವ ಬಂಗಾಳದ ಕೆಲವು ಕುಟುಂಬಗಳು ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರಿಗೂ ಬಂದವು. ಅವರು ನೆಲೆಸಿದ ಊರುಗಳಿಗೆ ಇವತ್ತಿಗೂ ಆರ್‌ಎಚ್ ಕ್ಯಾಂಪ್ ಎಂದೇ ಹೆಸರು, ಮುಂದೆ ಒಂದು ಸಂಖ್ಯೆ. ಅಲ್ಲಿ ಭತ್ತ ಬೆಳೆಯುತ್ತಾರೆ, ಮೀನು ಸಾಕುತ್ತಾರೆ, ಆಶ್ವಯುಜದಲ್ಲಿ ದುರ್ಗೆಯನ್ನು ಕೂರಿಸುತ್ತಾರೆ. ಮಕ್ಕಳು ಕನ್ನಡ ಶಾಲೆಯಲ್ಲಿ ಓದಿ ಕನ್ನಡ ಆಡುತ್ತಾರೆ. ಇವರಲ್ಲಿ ಬಹಳಷ್ಟು ನಮಶೂದ್ರರು. ಪೌರತ್ವದ ಕಾಗದಕ್ಕೆ, ಜಾತಿ ಪ್ರಮಾಣಪತ್ರಕ್ಕೆ ದಶಕಗಳ ಕಾಲ ಕಚೇರಿಗಳ ಮೆಟ್ಟಿಲು ಹತ್ತಿದವರು. ಜೆಸ್ಸೋರ್ ರಸ್ತೆಯಲ್ಲಿ ಶುರುವಾದ ಕಥೆಯ ಒಂದು ಕವಲು ಹೀಗೆ ನಮ್ಮ ಬಯಲುಸೀಮೆಗೆ ಬಂದು ಬೇರೂರಿದೆ.

ಈಗ ನನ್ನ ಮಾತು. ಕ್ಲೈವ್ ಹೌಸಿನಲ್ಲಿ ವಾಸಿಸಿದ ಸಾಹೇಬರೂ ವಲಸಿಗರು, ಅದೇ ಗೋಡೆಗಳ ನಡುವೆ ಒಲೆ ಹೂಡಿದ ಬಾಂಗಾಲರೂ ವಲಸಿಗರು. ಇಬ್ಬರೂ ಊರು ಬಿಟ್ಟು ಬಂದವರು, ಇಬ್ಬರ ಎದೆಯಲ್ಲೂ ಮನೆಯ ಹಂಬಲವಿತ್ತು. ಇಷ್ಟನ್ನೇ ಹಿಡಿದು, ಎಲ್ಲರೂ ಒಂದಲ್ಲ ಒಂದು ಕಾಲಕ್ಕೆ ಬಂದವರೇ ಎಂದು ಬರೆದು ಮುಗಿಸಿದರೆ ಅದು ದೊಡ್ಡ ಅನ್ಯಾಯ. ಒಬ್ಬರು ಬಂದಾಗ ಕಾನೂನು ಮಾಡುವ ಶಕ್ತಿ ಅವರ ಬೆನ್ನಿಗಿತ್ತು, ಕಂದಾಯದ ದರವೂ ಮಗನ ಹುದ್ದೆಯೂ ಅವರ ಸಹಿಯಲ್ಲಿತ್ತು. ಇನ್ನೊಬ್ಬರು ಬಂದಾಗ ತೆರವಿನ ನೋಟೀಸು ಅವರ ಬೆನ್ನಟ್ಟಿತ್ತು. ಇಲ್ಲಿನವರ ನೆಲದ ಮೇಲೆ ಯಾರಿಗೆ ಅಧಿಕಾರವಿತ್ತು, ಯಾರಿಗೆ ಆಸರೆ ಮಾತ್ರ ಬೇಕಿತ್ತು ಎಂಬ ವ್ಯತ್ಯಾಸವನ್ನು ಒಳ್ಳೆಯ ಐತಿಹಾಸಿಕ ಕಾದಂಬರಿ ಒಂದು ಪುಟದಲ್ಲೂ ಮರೆಯಬಾರದು. ಅದೇ ಹೊತ್ತಿಗೆ, ಅಧಿಕಾರವಿದ್ದವನ ಮನೆಯ ಕೂಸು ಸತ್ತಾಗ ತಾಯಿಯ ಅಳುವನ್ನೂ ಬಿಡಬಾರದು. ಎರಡನ್ನೂ ಒಟ್ಟಿಗೆ ಹಿಡಿಯುವುದು ಕಷ್ಟ. ಹಿಡಿಯಲಾರದವರು ಬರೆದದ್ದು ಸಾಹೇಬರ ಸಾಹಸಕಥೆಯಾಗುತ್ತದೆ, ಇಲ್ಲವೇ ಬೈಗುಳವಾಗುತ್ತದೆ.

ಕನ್ನಡಕ್ಕೆ ಈ ಶಕ್ತಿ ಇದೆ. ಮಾಸ್ತಿಯವರು 1956ರಲ್ಲಿ ‘ಚಿಕವೀರ ರಾಜೇಂದ್ರ’ ಬರೆದು ಕೊಡಗು ಕೈತಪ್ಪಿದ ಬಗೆಯನ್ನು ಅರಮನೆಯ ಒಳಗಿನಿಂದ ತೋರಿಸಿದರು. ನಿರಂಜನರ ‘ಚಿರಸ್ಮರಣೆ’ ಕಾಸರಗೋಡಿನ ಕಯ್ಯೂರಿನ ರೈತರನ್ನು ಚರಿತ್ರೆಯ ನಡುಮನೆಗೆ ಕರೆತಂದಿತು. ಆದರೆ ಬರೆಯಬೇಕಾದದ್ದು ಇನ್ನೂ ಬಹಳ. 1834ರ ನಂತರ ಕೊಡಗಿಗೆ ಬಂದ ಕಾಫಿ ತೋಟದ ದೊರೆಗಳ ಬಂಗಲೆಯೂ, ಆ ತೋಟಗಳಲ್ಲಿ ದುಡಿದ ಎರವರ ಹಾಡಿಯೂ ಒಂದೇ ಕಾದಂಬರಿಯಲ್ಲಿ ಎದುರುಬದುರಾಗಬೇಕು. ಚಿಕವೀರ ರಾಜೇಂದ್ರನ ಮಗಳು ಗೌರಮ್ಮ 1852ರಲ್ಲಿ ವಿಕ್ಟೋರಿಯಾ ರಾಣಿಯ ಧರ್ಮಪುತ್ರಿಯಾಗಿ ಲಂಡನ್ನಿನಲ್ಲಿ ದೀಕ್ಷೆ ಪಡೆದು, ಇಂಗ್ಲಿಷ್ ಸೇನಾಧಿಕಾರಿಯ ಹೆಂಡತಿಯಾದಳು. ಪನ್ನಾ ಪರೀಯ ಕಥೆಯನ್ನು ಕಡಲಿನ ಆಚೆಯ ದಡದಿಂದ ನೋಡಿದರೆ ಗೌರಮ್ಮನ ಕಥೆ. ಕಂಪನಿ ಬಾಗಿಲು ಮುಚ್ಚಿದ ಮಿಶ್ರಕುಲದವರ ಮೊಮ್ಮಕ್ಕಳಿಗಾಗಿ 1882ರಲ್ಲಿ, ಚಾಮರಾಜ ಒಡೆಯರು ಕೊಟ್ಟ ನೆಲದಲ್ಲಿ, ಬೆಂಗಳೂರಿನ ಪಕ್ಕ ವೈಟ್‌ಫೀಲ್ಡ್ ಎದ್ದಿತು. ಇವತ್ತಿನ ಐಟಿ ಕಚೇರಿಗಳ ಗಾಜಿನ ಕೆಳಗೆ ಆ ವಸತಿಯೂ ಇದೆ, ಅದಕ್ಕೂ ಮೊದಲು ರಾಗಿ ಬೆಳೆದವರ ಹೊಲವೂ ಇದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದಲ್ಲಿ ಚಿನ್ನ ತೋಡಲು ಶುರುಮಾಡಿದ ಮೇಲೆ ಆರ್ಕಾಟಿನ ಕಡೆಯಿಂದ ಬಂದ ದಲಿತ ಕುಟುಂಬಗಳು, ಆಂಗ್ಲೋ ಇಂಡಿಯನ್ ಮೇಲ್ವಿಚಾರಕರು, ಸುತ್ತಲಿನ ಹಳ್ಳಿಗಳ ರೈತರು ಒಂದೇ ಗಣಿಯ ಸೈರನ್ನಿಗೆ ಎದ್ದು ಮಲಗಿದರು. 2001ರಲ್ಲಿ ಗಣಿ ಮುಚ್ಚಿತು.

ಇವುಗಳ ಕಾಗದಗಳು ಚರ್ಚುಗಳ ದೀಕ್ಷಾ ದಾಖಲೆಗಳಲ್ಲಿ, ತೋಟಗಳ ಹಾಜರಿ ಪುಸ್ತಕಗಳಲ್ಲಿ, ತಾಲ್ಲೂಕು ಕಚೇರಿಯ ಹಳೆಯ ಕಂದಾಯ ಲೆಕ್ಕಗಳಲ್ಲಿವೆ. ಕಾಗದದಲ್ಲಿಲ್ಲದ್ದು ಜನರ ನೆನಪಿನಲ್ಲಿದೆ. ಸಿಂಧನೂರಿನ ಕ್ಯಾಂಪುಗಳಿಗೆ ತಾಯಿಯ ಕೈ ಹಿಡಿದು ಬಂದ ಮಕ್ಕಳಿಗೆ ಈಗ ಅರುವತ್ತು ದಾಟಿದೆ, ಅವರ ತಾಯಂದಿರು ಎಂಬತ್ತು ತೊಂಬತ್ತರ ಅಂಚಿನಲ್ಲಿದ್ದಾರೆ. ಪಕ್ಕದ ಊರಿನಲ್ಲಿ ಅವರು ಬಂದದ್ದನ್ನು ನೋಡಿದ ಕನ್ನಡದ ಹಿರಿಯರಿಗೂ ಅಷ್ಟೇ ವಯಸ್ಸು. ಒಂದೇ ಕಾಲುವೆಯ ನೀರನ್ನು ಈ ಎರಡು ಮನೆಗಳು ಹೇಗೆ ಹಂಚಿಕೊಂಡವು, ಎಲ್ಲಿ ಜಗಳವಾಯಿತು, ಮೊದಲ ಬಾರಿ ಯಾರು ಯಾರ ಮನೆಯಲ್ಲಿ ಊಟಕ್ಕೆ ಕೂತರು ಎಂದು ಎರಡೂ ಕಡೆ ಕೂತು ಕೇಳುವವರು ಬೇಕು. ಪನ್ನಾ ಪರೀಯ ಮಾತನ್ನು ಕೇಳಿ ಬರೆದುಕೊಳ್ಳುವವರು ಅವಳ ಕಾಲದಲ್ಲಿ ಇರಲಿಲ್ಲ. ಈ ತಾಯಂದಿರ ಕಾಲದಲ್ಲಿ ನಾವಿದ್ದೇವೆ. ಕಾದಂಬರಿ ನಾಳೆ ಬರೆದರೂ ನಡೆದೀತು, ಕೇಳುವ ಕೆಲಸ ಈ ವರ್ಷವೇ ಆಗಬೇಕು.